ಅಗಲಿದವರ ಬಾಕಿ

ಡಿಸೆಂಬರ್ ತಿಂಗಳ ಕೊನೆಯ ವಾರ ಬಂತೆಂದರೆ ಪತ್ರಿಕೆಗಳು ಒಂದು ಪುಟವನ್ನು ಸತ್ತವರಿಗಾಗಿ ಮೀಸಲಿಡುತ್ತವೆ. ‘ಈ ವರ್ಷ ನಮ್ಮನ್ನಗಲಿದವರು’ ಎಂಬ ತಲೆಬರಹ, ಅದರ ಕೆಳಗೆ ಅಂಚೆಚೀಟಿ ಗಾತ್ರದ ಭಾವಚಿತ್ರಗಳು, ಪ್ರತಿಯೊಂದರ ಅಡಿಯಲ್ಲಿ ಹೆಸರು, ವಯಸ್ಸು, ತೀರಿಕೊಂಡ ದಿನ, ಪಡೆದ ಪ್ರಶಸ್ತಿ. ಓದುಗ ಐದು ನಿಮಿಷ ಅದರ ಮೇಲೆ ಕಣ್ಣಾಡಿಸುತ್ತಾನೆ. ‘ಅಯ್ಯೋ, ಇವರೂ ಹೋದರೇ?’ ಎಂದು ಒಂದು ನಿಟ್ಟುಸಿರು ಬಿಡುತ್ತಾನೆ. ಪುಟ ಮಗುಚುತ್ತಾನೆ. ಮರುವಾರ ಹೊಸ ಕ್ಯಾಲೆಂಡರ್ ಗೋಡೆಗೇರುತ್ತದೆ.

ಇಂಥ ಪುಟಗಳಲ್ಲಿ 2021ರದ್ದು ಸುಲಭವಾಗಿ ಮಗುಚಲಾಗದ ಪುಟ. ಏಪ್ರಿಲ್ 19ರಂದು ನಿಘಂಟುತಜ್ಞ ಜಿ. ವೆಂಕಟಸುಬ್ಬಯ್ಯನವರು, ಅದಾಗಿ ಎರಡು ದಿನಕ್ಕೆ ಮೌಲಾನಾ ವಹೀದುದ್ದೀನ್ ಖಾನ್, ಮೇ 21ರಂದು ಚಿಪ್ಕೊ ಚಳವಳಿಯ ಸುಂದರಲಾಲ್ ಬಹುಗುಣ, ಮೇ 26ರಂದು ಎಚ್.ಎಸ್. ದೊರೆಸ್ವಾಮಿ, ಜೂನ್ 11ರಂದು ಕವಿ ಸಿದ್ಧಲಿಂಗಯ್ಯ, ಜುಲೈ 5ರಂದು ಫಾದರ್ ಸ್ಟ್ಯಾನ್ ಸ್ವಾಮಿ, ಜುಲೈ 7ರಂದು ದಿಲೀಪ್ ಕುಮಾರ್, ಜುಲೈ 16ರಂದು ಛಾಯಾಗ್ರಾಹಕ ದಾನಿಶ್ ಸಿದ್ದೀಕಿ, ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್. ಕೆಲವರನ್ನು ಕೋವಿಡ್ ಕೊಂಡೊಯ್ಯಿತು, ಕೆಲವರನ್ನು ವೃದ್ಧಾಪ್ಯ, ಒಬ್ಬರನ್ನು ಯುದ್ಧ. ಒಬ್ಬರಂತೂ ಬಂಧನದಲ್ಲಿದ್ದಾಗಲೇ ಕಣ್ಣು ಮುಚ್ಚಿದರು. ಇವರನ್ನೆಲ್ಲ ನಾವು ನೆನೆದೆವು. ಸಭೆ ನಡೆಸಿದೆವು, ಹೂವಿಟ್ಟೆವು, ದುಆ ಮಾಡಿದೆವು. ಆದರೆ ಹೀಗೆ ನೆನೆಯುವಾಗ ನಾವು ನಿಜವಾಗಿ ಮಾಡುವುದೇನು? ಸತ್ತವರಿಗೆ ಏನನ್ನೋ ಕೊಡುತ್ತಿದ್ದೇವೆಯೇ, ಅಥವಾ ಅವರಿಗೆ ಕೊಡಬೇಕಾದುದರಿಂದ ನುಣುಚಿಕೊಳ್ಳುತ್ತಿದ್ದೇವೆಯೇ? ಈ ಪ್ರಶ್ನೆಯನ್ನು ಸ್ವಲ್ಪ ಸಾವಧಾನದಿಂದ ನೋಡಬೇಕೆನಿಸುತ್ತದೆ.

ಅಗಲಿದವರನ್ನು ಪಟ್ಟಿ ಮಾಡುವ ಕೆಲಸ ಪತ್ರಿಕೆಗಳು ಕಂಡುಹಿಡಿದದ್ದಲ್ಲ. ಹದಿಮೂರನೆಯ ಶತಮಾನದಲ್ಲಿ ಡಮಾಸ್ಕಸ್‌ನ ಖಾಝಿಯಾಗಿದ್ದ ಇಬ್ನ್ ಖಲ್ಲಿಕಾನ್ ಎಂಬ ವಿದ್ವಾಂಸರು ‘ವಫಯಾತುಲ್ ಅಅ್‌ಯಾನ್’ ಎಂಬ ಬೃಹತ್ ಗ್ರಂಥವನ್ನು ಬರೆದರು. ಹೆಸರಿನ ಅರ್ಥವೇ ‘ಗಣ್ಯರ ಮರಣಗಳು’. ಎಂಟುನೂರಕ್ಕೂ ಮಿಕ್ಕ ವ್ಯಕ್ತಿಗಳ ಬದುಕು ಅದರಲ್ಲಿದೆ. ಯಾರು ಸತ್ತ ವರ್ಷ ಖಚಿತವಾಗಿ ಗೊತ್ತಾಗುತ್ತದೋ ಅಂಥವರನ್ನು ಸೇರಿಸುವುದು ಅವರು ಇಟ್ಟುಕೊಂಡ ನಿಯಮ. ಕವಿಗಳು, ವ್ಯಾಕರಣಕಾರರು, ವೈದ್ಯರು, ಮಂತ್ರಿಗಳು ಎಲ್ಲರೂ ಅಲ್ಲಿದ್ದಾರೆ. ಹುಟ್ಟಿದ ವರ್ಷ ಎಷ್ಟೋ ಜನರದ್ದು ಗೊತ್ತಿರುವುದಿಲ್ಲ. ಹುಟ್ಟುವಾಗ ಯಾರೂ ಗಣ್ಯರಲ್ಲವಲ್ಲ! ಉರ್ದು ಪತ್ರಿಕೆಗಳು ಈ ಪರಂಪರೆಯನ್ನು ‘ವಫಿಯಾತ್’ ಎಂಬ ಅಂಕಣವಾಗಿ ಮುಂದುವರಿಸಿದವು. ಆಝಮ್‌ಗಢದ ‘ಮಆರಿಫ್’ ಪತ್ರಿಕೆಗೆ ಸಯ್ಯಿದ್ ಸುಲೈಮಾನ್ ನದ್ವಿಯವರು ಬರೆದ ಇಂಥ ಬರಹಗಳು ‘ಯಾದೆ ರಫ್ತಗಾಂ’ ಎಂಬ ಪುಸ್ತಕವಾಗಿವೆ. ನಮ್ಮ ಕನ್ನಡ ನಾಡಿಗೂ ಇದು ಹೊಸದಲ್ಲ. ಊರಿನ ದನಕರುಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಮಡಿದ ಸಾಮಾನ್ಯನಿಗೂ ವೀರಗಲ್ಲು ನಿಲ್ಲಿಸಿದ ನಾಡು ಇದು. ಹಂದಿಯೊಡನೆ ಕಾದಿ ಸತ್ತ ಕಾಳಿಯೆಂಬ ನಾಯಿಯ ಕಥೆಯನ್ನೂ ಆತಕೂರಿನ ಶಾಸನ ಸಾವಿರ ವರ್ಷಗಳಿಂದ ಹೇಳುತ್ತಾ ಬಂದಿದೆ.

ಹಾಗಾದರೆ ಈ ಕಾಲದ ನಮ್ಮ ನುಡಿನಮನಗಳಲ್ಲಿ ಕೊರತೆಯಾದದ್ದೇನು? ಯಾವ ಸಂತಾಪ ಸಭೆಗೆ ಹೋದರೂ ಕಿವಿಗೆ ಬೀಳುವ ಮಾತೊಂದಿದೆ: ‘ತುಂಬಲಾರದ ನಷ್ಟ’. ವೆಂಕಟಸುಬ್ಬಯ್ಯನವರು 107ನೆಯ ವಯಸ್ಸಿನಲ್ಲಿ ತೀರಿಕೊಂಡಾಗಲೂ ಅದೇ ಮಾತು. ಅವರು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನ ಪ್ರಧಾನ ಸಂಪಾದಕರಾಗಿದ್ದವರು. ಒಂದು ಪದಕ್ಕೆ ಹಿಂದಿನ ಕಾವ್ಯಗಳಲ್ಲಿ, ಶಾಸನಗಳಲ್ಲಿ ಯಾವ ಯಾವ ಅರ್ಥ ಬಂದಿದೆಯೆಂದು ಚೀಟಿ ಬರೆದು ಜೋಡಿಸುತ್ತಾ ಹತ್ತಾರು ವಿದ್ವಾಂಸರು ದಶಕಗಳ ಕಾಲ ದುಡಿದ ಕೆಲಸವದು. ಮುಂದೆ ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಯಾವುದೋ ಹಳ್ಳಿಯ ಓದುಗ ಕೇಳಿದ ಒಂದು ಪದದ ಪ್ರಶ್ನೆಗೂ ಅವರು ಅಷ್ಟೇ ಶ್ರದ್ಧೆಯಿಂದ ಉತ್ತರಿಸಿದರು. ಅವರ ಜಾಗ ನಿಜಕ್ಕೂ ತುಂಬಲಾರದ್ದೇ? ಭಾಷೆ ದಿನವೂ ಬೆಳೆಯುತ್ತದೆ, ನಿಘಂಟು ಅದರ ಹಿಂದೆ ನಡೆಯುತ್ತಲೇ ಇರಬೇಕು. ಅದನ್ನು ತುಂಬಬಹುದು. ಅದಕ್ಕೆ ಹಣ ಬೇಕು, ಹತ್ತು ಜನ ಕೂತು ಬೆವರು ಸುರಿಸಬೇಕು, ಹೆಸರು ಬರುವವರೆಗೆ ಮೂವತ್ತು ವರ್ಷ ಕಾಯಬೇಕು. ‘ತುಂಬಲಾರದ ನಷ್ಟ’ ಎಂದುಬಿಟ್ಟರೆ ಇದಾವುದರ ಗೋಜಿಲ್ಲ. ತುಂಬಲಾರದ್ದನ್ನು ತುಂಬು ಎಂದು ಯಾರು ತಾನೇ ಕೇಳುತ್ತಾರೆ?

ಅದೇ ವೆಂಕಟಸುಬ್ಬಯ್ಯನವರು ಕನ್ನಡದ ಎರವಲು ಪದಗಳಿಗೂ ಒಂದು ಕೋಶ ರಚಿಸಿದ್ದರು. ಅರ್ಜಿ, ವಕೀಲ, ತಾರೀಖು, ವಾರಸುದಾರ ಮುಂತಾಗಿ ಅರಬಿ, ಫಾರಸಿಗಳಿಂದ ಬಂದು ಕನ್ನಡದ ಮನೆಮಕ್ಕಳಾದ ಪದಗಳು ನೂರಾರು. ಅವುಗಳಲ್ಲಿ ಒಂದು ‘ಬಾಕಿ’. ಕನ್ನಡದಲ್ಲಿ ಬಾಕಿಯೆಂದರೆ ತೀರಿಸದೆ ಉಳಿದ ಸಾಲ, ಮುಗಿಸದೆ ಬಿಟ್ಟ ಕೆಲಸ. ಮೂಲ ಅರಬಿಯಲ್ಲಿ ಅದು ‘ಉಳಿಯುವಂಥದ್ದು’. ಎಲ್ಲವೂ ಅಳಿದ ಮೇಲೂ ಉಳಿಯುವವನು ಎಂಬರ್ಥದಲ್ಲಿ ಅದು ಅಲ್ಲಾಹನ ಹೆಸರೂ ಹೌದು. ಆದ್ದರಿಂದಲೇ ಹಳೆಯ ಎಷ್ಟೋ ಗೋರಿಕಲ್ಲುಗಳ ಮೇಲೆ ಆ ನಾಮವನ್ನು ಕೆತ್ತಿರುತ್ತಾರೆ. ಒಬ್ಬ ಮನುಷ್ಯ ಸತ್ತಾಗ ಈ ಎರಡು ಅರ್ಥಗಳೂ ಒಟ್ಟಿಗೇ ನಮ್ಮೆದುರು ಬಂದು ನಿಲ್ಲುತ್ತವೆ. ಅವನಿಂದ ಉಳಿದದ್ದೇನು? ಅವನದು ತೀರದೆ ಉಳಿದದ್ದೇನು?

ನಮ್ಮ ಕಡೆ ಜನಾಝ ನಮಾಝಿಗೆ ಸಾಲು ನಿಂತಾಗ ತೀರಿಕೊಂಡವರ ಮಗನೋ ತಮ್ಮನೋ ಮುಂದೆ ಬಂದು ಒಂದು ಮಾತು ಹೇಳುವ ರೂಢಿಯಿದೆ. ಮರ್ಹೂಮರಿಂದ ಯಾರಿಗಾದರೂ ಸಾಲ ಬರಬೇಕಿದ್ದರೆ ನಮ್ಮನ್ನು ಕಾಣಿರಿ, ಯಾರ ಮನಸ್ಸಿಗಾದರೂ ಅವರಿಂದ ನೋವಾಗಿದ್ದರೆ ಮಾಫ್ ಮಾಡಿರಿ ಎಂದು. ಇದರ ಹಿಂದೆ ಗಂಭೀರವಾದ ಒಂದು ಚರ್ಯೆಯಿದೆ. ಪ್ರವಾದಿ(ಸ)ಯವರು ಮಯ್ಯಿತ್ ಮುಂದೆ ಬಂದಾಗ ಇವರ ಮೇಲೆ ಸಾಲವೇನಾದರೂ ಇದೆಯೇ ಎಂದು ವಿಚಾರಿಸುತ್ತಿದ್ದರು. ಒಮ್ಮೆ ಎರಡೋ ಮೂರೋ ದೀನಾರ್ ಸಾಲ ಬಿಟ್ಟು ಸತ್ತವರೊಬ್ಬರ ಜನಾಝ ನಮಾಝನ್ನು ತಾವು ನಿರ್ವಹಿಸದೆ ಹಿಂದೆ ಸರಿದರು. ಆ ಸಾಲ ನನ್ನ ಮೇಲಿರಲಿ ಎಂದು ಅಬೂ ಖತಾದರು ಹೊತ್ತುಕೊಂಡ ಬಳಿಕವೇ ಮುಂದೆ ನಿಂತರು. ಆಸ್ತಿ ಹಂಚುವ ವಿಚಾರದಲ್ಲೂ ಅಷ್ಟೇ. ಮೊದಲು ಸಾಲ ತೀರಬೇಕು, ಆಮೇಲೆ ವಾರಸುದಾರರ ಪಾಲು.

ಇದು ಸತ್ತವನು ನಮಗೆ ಕೊಡಬೇಕಾದ ಸಾಲದ ಮಾತಾಯಿತು. ನಾವು ಗಣ್ಯರೆಂದು ಕರೆಯುವವರ ವಿಷಯದಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಸಾಲಗಾರರು ಬದುಕಿರುವ ನಾವು. ಆದರೆ ಯಾವ ಸಂತಾಪ ಸಭೆಯಲ್ಲೂ ಯಾರೂ ಎದ್ದು ನಿಂತು, ಈ ವ್ಯಕ್ತಿಗೆ ನಮ್ಮ ಸಮಾಜ ಇಂತಿಷ್ಟು ಬಾಕಿ ಉಳಿಸಿಕೊಂಡಿದೆ, ಅದರಲ್ಲಿ ಇಷ್ಟನ್ನು ನಾನು ಹೊರುತ್ತೇನೆ ಎಂದು ಹೇಳುವುದಿಲ್ಲ. ಹೂವಿನ ಹಾರ ಸಾಲದ ರಸೀದಿಯಾಗಿಬಿಡುತ್ತದೆ.

ಎಚ್.ಎಸ್. ದೊರೆಸ್ವಾಮಿಯವರನ್ನು ನೆನೆಯೋಣ. 1918ರಲ್ಲಿ ಹಾರೋಹಳ್ಳಿಯಲ್ಲಿ ಹುಟ್ಟಿದವರು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡವರು. ಸ್ವಾತಂತ್ರ್ಯ ಬಂದ ಮೇಲೆ ತುರ್ತುಪರಿಸ್ಥಿತಿಯಲ್ಲಿ ಮತ್ತೆ ಜೈಲು ಕಂಡವರು. ಸರ್ಕಾರಿ ಭೂಮಿಯನ್ನು ಬಲಾಢ್ಯರು ನುಂಗುವುದರ ವಿರುದ್ಧ, ತುಂಡು ಭೂಮಿಯಿಲ್ಲದ ಬಡವರ ಪರವಾಗಿ ತೊಂಬತ್ತು ದಾಟಿದ ಮೇಲೂ ಧರಣಿ ಕೂತವರು. ಪೌರತ್ವ ಕಾಯ್ದೆಯ ತಿದ್ದುಪಡಿಯ ವಿರುದ್ಧ ಜನ ಬೀದಿಗಿಳಿದಾಗ ನೂರೊಂದು ವರ್ಷದ ಈ ಹಿರಿಯರು ಅಲ್ಲಿಗೂ ಬಂದರು. ನಮ್ಮ ಹೆಣ್ಣುಮಕ್ಕಳು ಮೊದಲ ಬಾರಿಗೆ ರಸ್ತೆಗೆ ಬಂದು ಕೂತಿದ್ದ ದಿನಗಳವು. ಅಂಥವರ ನಡುವೆ ಬಿಳಿಯ ಖಾದಿಯ ಆ ಬಡಕಲು ಮುದುಕರು ಬಂದು ನಿಂತಾಗ ಆದ ಧೈರ್ಯವನ್ನು ಮಾತಿನಲ್ಲಿ ಹೇಳುವುದು ಕಷ್ಟ. 2020ರಲ್ಲಿ ಶಾಸಕರೊಬ್ಬರು ಅವರನ್ನು ನಕಲಿ ಸ್ವಾತಂತ್ರ್ಯ ಹೋರಾಟಗಾರ ಎಂದು ಕರೆದರು. ದಾಖಲೆ ತೋರಿಸಿ ಎಂಬ ಕೂಗೆದ್ದಿತು. ಮರುವರ್ಷ ಅವರು ತೀರಿಕೊಂಡಾಗ ಎಲ್ಲ ಕಡೆಯಿಂದಲೂ ಶ್ರದ್ಧಾಂಜಲಿ ಹರಿದು ಬಂತು. ಬದುಕಿದ್ದಾಗ ಕೇಳಿದ ದಾಖಲೆಯನ್ನು ಸತ್ತ ಮೇಲೆ ಯಾರೂ ಕೇಳಲಿಲ್ಲ. ಸಾವಿನಲ್ಲಿ ಅಷ್ಟು ಉದಾರರಾಗುವ ನಾವು ಬದುಕಿರುವವರ ಮುಂದೆ ಯಾಕೆ ಅಷ್ಟು ಕೃಪಣರು?

ಸ್ಟ್ಯಾನ್ ಸ್ವಾಮಿಯವರ ವಿಷಯ ಇನ್ನೂ ಕಠಿಣ. 84 ವರ್ಷದ ಈ ಜೆಸ್ಯುಯಿಟ್ ಪಾದ್ರಿ ಜಾರ್ಖಂಡ್‌ನ ಆದಿವಾಸಿಗಳ ಜೊತೆ ಬಾಳಿದವರು. ಅದಕ್ಕೆ ಮೊದಲು, 1975ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ, ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟನ್ನು ನಡೆಸಿದ್ದರಿಂದ ನಮ್ಮ ರಾಜ್ಯಕ್ಕೂ ಅವರ ಋಣವಿದೆ. ವಿಚಾರಣೆ ಮುಗಿಯದೆ ಜೈಲುಗಳಲ್ಲಿ ಕೊಳೆಯುತ್ತಿದ್ದ ಆದಿವಾಸಿ ಯುವಕರ ಪರವಾಗಿ ನ್ಯಾಯಾಲಯಕ್ಕೆ ಹೋದವರು, 2020ರ ಅಕ್ಟೋಬರ್‌ನಲ್ಲಿ ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಬಂಧಿತರಾಗಿ ಸ್ವತಃ ವಿಚಾರಣಾಧೀನ ಕೈದಿಯಾದರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿತ್ತು. ನೀರು ಕುಡಿಯಲು ಒಂದು ಸ್ಟ್ರಾ, ಒಂದು ಸಿಪ್ಪರ್ ಲೋಟ ಬೇಕೆಂದು ನ್ಯಾಯಾಲಯದ ಮುಂದೆ ಅರ್ಜಿ ಹಾಕಬೇಕಾಯಿತು. ಜಾಮೀನಿನ ಅರ್ಜಿ ಬಾಂಬೆ ಹೈಕೋರ್ಟಿನ ಮುಂದೆ ಬಂದ ದಿನವೇ ಅವರು ಇನ್ನಿಲ್ಲವೆಂಬ ಸುದ್ದಿಯನ್ನು ನ್ಯಾಯಾಧೀಶರಿಗೆ ತಿಳಿಸಲಾಯಿತು. ಅವರ ಮೇಲಿನ ಆರೋಪ ಸಾಬೀತಾಗಲಿಲ್ಲ, ಅದರಿಂದ ಬಿಡುಗಡೆಯೂ ಸಿಗಲಿಲ್ಲ. ಯಹೂದಿಯೊಬ್ಬನ ಶವಯಾತ್ರೆ ಹೋಗುವಾಗ ಪ್ರವಾದಿ(ಸ)ಯವರು ಎದ್ದು ನಿಂತರೆಂದೂ, ಅದು ಯಹೂದಿಯದೆಂದು ಸಂಗಾತಿಗಳು ನೆನಪಿಸಿದಾಗ ಅದೂ ಒಂದು ಜೀವವಲ್ಲವೇ ಎಂದು ಮರುಪ್ರಶ್ನೆ ಹಾಕಿದರೆಂದೂ ಹದೀಸ್ ಹೇಳುತ್ತದೆ. ಎದ್ದು ನಿಲ್ಲುವುದು ಮೊದಲ ಹೆಜ್ಜೆ. ಆದರೆ ವಿಚಾರಣೆಯಿಲ್ಲದೆ ಕೂಡಿಹಾಕಲ್ಪಟ್ಟ ಇನ್ನೊಬ್ಬನ ಬಗ್ಗೆ ಕೇಳದೆ ಸ್ಟ್ಯಾನ್ ಸ್ವಾಮಿಯವರ ಪುಣ್ಯಸ್ಮರಣೆ ಮಾಡಿದರೆ ಆ ಸ್ಮರಣೆಗೆ ಏನು ಅರ್ಥ?

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಸತ್ತವರ ಬಗ್ಗೆ ಒಳ್ಳೆಯದನ್ನಷ್ಟೇ ಹೇಳಬೇಕೇ? ಮೃತರನ್ನು ನಿಂದಿಸಬೇಡಿ, ಅವರು ತಾವು ಮಾಡಿದ್ದರ ಬಳಿಗೆ ತಲುಪಿಯಾಗಿದೆ ಎಂಬ ಅರ್ಥದ ಹದೀಸ್ ನಮ್ಮೆಲ್ಲರಿಗೂ ಗೊತ್ತು. ಅದೇ ಪರಂಪರೆಯಲ್ಲಿ ಇನ್ನೊಂದು ಹದೀಸೂ ಇದೆ. ಎರಡು ಶವಯಾತ್ರೆಗಳು ಹಾದು ಹೋದವು. ಒಂದನ್ನು ಕಂಡು ಜನ ಹೊಗಳಿದರು, ಇನ್ನೊಂದನ್ನು ಕಂಡು ತೆಗಳಿದರು. ನೀವು ಭೂಮಿಯ ಮೇಲೆ ದೇವನ ಸಾಕ್ಷಿಗಳು ಎಂಬರ್ಥದ ಮಾತನ್ನು ಪ್ರವಾದಿ(ಸ)ಯವರು ಆಗ ಹೇಳಿದರು. ಅಂದರೆ ಸತ್ತವರ ಬಗ್ಗೆ ಆಡುವ ಮಾತು ಹೊಗಳಿಕೆಯೂ ಅಲ್ಲ, ಹರಟೆಯೂ ಅಲ್ಲ, ಅದು ಸಾಕ್ಷ್ಯ. ಸಾಕ್ಷಿಯಾದವನು ಸುಳ್ಳು ಹೇಳಬಾರದು, ಇದ್ದುದನ್ನು ಮುಚ್ಚಿಡಲೂ ಬಾರದು.

ಈ ಎರಡನ್ನು ಹೊಂದಿಸುವ ದಾರಿಯನ್ನು ಹದೀಸ್ ವಿದ್ವಾಂಸರೇ ತೋರಿಸಿದ್ದಾರೆ. ‘ಅಸ್ಮಾಉರ್ರಿಜಾಲ್’ ಎಂಬ ಶಾಸ್ತ್ರ ಹುಟ್ಟಿದ್ದೇ ತೀರಿಹೋದ ಸಾವಿರಾರು ನಿವೇದಕರನ್ನು ತೂಗಿ ನೋಡಲು. ಇಂಥವರು ಸಜ್ಜನರು, ಆದರೆ ಜ್ಞಾಪಕಶಕ್ತಿ ದುರ್ಬಲ. ಇಂಥವರು ಪ್ರಾಮಾಣಿಕರು, ಆದರೆ ಕೊನೆಗಾಲದಲ್ಲಿ ಗೊಂದಲಕ್ಕೊಳಗಾಗಿದ್ದರು ಎಂದು ಅವರು ಬರೆದಿಟ್ಟರು. ಇದನ್ನು ಪರನಿಂದೆಯೆಂದು ಅವರು ತಿಳಿಯಲಿಲ್ಲ, ಅಮಾನತ್ತೆಂದು ತಿಳಿದರು. ನಿವೇದಕನ ಅಡುಗೆಮನೆಯನ್ನು ಅವರು ಇಣುಕಲಿಲ್ಲ. ಮುಂದಿನ ತಲೆಮಾರು ಅವನ ಯಾವ ಮಾತನ್ನು ನಂಬಿ ನಡೆಯಬೇಕಾಗಿದೆಯೋ ಅಷ್ಟನ್ನು ಮಾತ್ರ ಪರೀಕ್ಷಿಸಿದರು. ಸತ್ತವನ ಜೊತೆಯೇ ಮಣ್ಣಾಗುವ ದೋಷವನ್ನು ಮಣ್ಣಿಗೆ ಬಿಡಬೇಕು. ಅವನು ಹೋದ ಮೇಲೂ ಊರಿನಲ್ಲಿ ಓಡಾಡುವ ವಿಚಾರವನ್ನು ಮಾತ್ರ ತಡೆದು ನಿಲ್ಲಿಸಿ ಪ್ರಶ್ನಿಸಬೇಕು. ನಮಗೆ ತಿಳಿದ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ. ಉರ್ದು ಸಾಹಿತ್ಯದಲ್ಲಿ ಇಸ್ಮತ್ ಚುಗ್ತಾಯಿ ತನ್ನ ಅಣ್ಣ ಅಝೀಮ್ ಬೇಗ್ ತೀರಿಕೊಂಡ ಮೇಲೆ ‘ದೋಝಖಿ’ ಬರೆದರು. ಹೆಸರು ಕೇಳಿ ಬೆಚ್ಚಿಬಿದ್ದವರುಂಟು. ಓದಿದರೆ ಗೊತ್ತಾಗುತ್ತದೆ, ಅಣ್ಣನ ಮೇಲೆ ಅಷ್ಟು ಪ್ರೀತಿಯಿರುವವರು ಮಾತ್ರ ಅಷ್ಟು ನಿಷ್ಠುರವಾಗಿ ಬರೆಯಬಲ್ಲರು.

ಮೌಲಾನಾ ವಹೀದುದ್ದೀನ್ ಖಾನರನ್ನು ಈ ಅಳತೆಯಿಂದ ನೋಡೋಣ. 96 ವರ್ಷ ಬಾಳಿ ಕೋವಿಡ್‌ನಿಂದ ತೀರಿಕೊಂಡರು. ಆ ವರ್ಷದ ಜನವರಿಯಲ್ಲಷ್ಟೇ ಅವರಿಗೆ ಪದ್ಮವಿಭೂಷಣ ಘೋಷಣೆಯಾಗಿತ್ತು. ಕೆಲಕಾಲ ಜಮಾಅತೆ ಇಸ್ಲಾಮಿಯಲ್ಲಿದ್ದರು. 1963ರಲ್ಲಿ ಅದರ ಚಿಂತನೆಯ ಬುನಾದಿಯನ್ನೇ ಪ್ರಶ್ನಿಸುವ ಪುಸ್ತಕ ಬರೆದರು. 1976ರಲ್ಲಿ ‘ಅರ್ರಿಸಾಲಾ’ ಆರಂಭಿಸಿ ಸರಳ ಉರ್ದುವಿನಲ್ಲಿ ಶಾಂತಿ, ಸಹನೆ, ಶಿಕ್ಷಣದ ಬಗ್ಗೆ ದಣಿಯದೆ ಬರೆದರು. ಬಾಬರಿ ಮಸೀದಿ ಉರುಳಿದ ಮೇಲೆ, ಮುಸ್ಲಿಮರು ಆ ಒಂದು ಹಕ್ಕನ್ನು ಬಿಟ್ಟುಕೊಡಲಿ, ಎದುರು ಪಕ್ಷದವರು ಬೇರೆ ಮಸೀದಿಗಳ ಮಾತೆತ್ತದಿರಲಿ ಎಂದರು. ಸಮುದಾಯದ ದೊಡ್ಡ ಭಾಗ ಇದನ್ನು ಒಪ್ಪಲಿಲ್ಲ. ತುಳಿತಕ್ಕೊಳಗಾದವನಿಗೇ ತಾಳ್ಮೆ ಬೋಧಿಸುವುದು ಯಾವ ನ್ಯಾಯ ಎಂದು ಕೇಳಿದವರು ಬಹಳ. ಅವರ ಮರಣಾನಂತರ ಎರಡು ಬಗೆಯ ಸ್ಮರಣೆ ನಡೆಯಿತು. ಒಂದರಲ್ಲಿ ಅವರು ‘ಆದರ್ಶ ಮುಸ್ಲಿಮ್’ ಆದರು, ಉಳಿದವರನ್ನು ಚುಚ್ಚಲು ಒಂದು ಕೋಲಾದರು. ಇನ್ನೊಂದರಲ್ಲಿ ಇನ್ನಾಲಿಲ್ಲಾಹಿ ಹೇಳಿ ಮೌನ. ಎರಡೂ ಸಾಕ್ಷ್ಯವಲ್ಲ. ಅವರ ಸಲಹೆಯ ಜೊತೆ ಜಗಳವಾಡಲು ನಮಗೆ ಹಕ್ಕಿದೆ. ನ್ಯಾಯವಿಲ್ಲದ ಶಾಂತಿ ಎಷ್ಟು ದಿನ ಬಾಳೀತು ಎಂದು ಕೇಳುವ ಅಗತ್ಯ ಇಂದೂ ಇದೆ. ಆದರೆ ಪ್ರತಿಕ್ರಿಯೆಯಲ್ಲೇ ಒಂದು ಸಮುದಾಯದ ಶಕ್ತಿಯೆಲ್ಲ ಸೋರಿ ಹೋಗಬಾರದು, ಮಕ್ಕಳ ಓದಿನ ಕಡೆ ನೋಡಿ ಎಂದು ಅವರು ಹೇಳಿದ್ದು ಕೂಡ ಬಾಕಿಯಾಗಿಯೇ ಇದೆ. ಒಪ್ಪದವರ ಋಣವೂ ಋಣವೇ.

ಸಿದ್ಧಲಿಂಗಯ್ಯನವರ ವಿಷಯದಲ್ಲೂ ಹೀಗೆಯೇ. 1975ರ ‘ಹೊಲೆಮಾದಿಗರ ಹಾಡು’ ಕನ್ನಡ ಕಾವ್ಯದ ಬಾಗಿಲನ್ನು ಒದ್ದು ತೆರೆದ ಪುಸ್ತಕ. ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಅವರ ಹಾಡುಗಳನ್ನು ಓದು ಬರಹ ಬಾರದವರೂ ಹಾಡಿದರು. ‘ಊರುಕೇರಿ’ಯಲ್ಲಿ ಹಸಿವನ್ನೂ ಅವಮಾನವನ್ನೂ ನಗುನಗುತ್ತಾ ಹೇಳಿದರು. ಮುಂದೆ ವಿಧಾನ ಪರಿಷತ್ತಿನ ಸದಸ್ಯರಾದರು, ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದರು, 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಹಳೆಯ ಬೆಂಕಿ ಆರಿತು, ಅಧಿಕಾರಕ್ಕೆ ಹತ್ತಿರವಾದರು ಎಂದು ಜೊತೆಗಾರರೇ ಟೀಕಿಸಿದರು. ನುಡಿನಮನದಲ್ಲಿ ಈ ಟೀಕೆಯನ್ನು ಮರೆಮಾಚುವ ಅಗತ್ಯವಿಲ್ಲ. ಆದರೆ ಅದನ್ನು ಹೇಳುವವನು ಒಂದು ಮಾತನ್ನು ತನ್ನನ್ನೇ ಕೇಳಿಕೊಳ್ಳಬೇಕು. ಆ ಬೆಂಕಿ ಆರಿತೆಂದು ದೂರುವ ನಾವು, ಅದು ಉರಿಯುತ್ತಿದ್ದಾಗ ಅದಕ್ಕೆ ಒಂದು ಕೊಳ್ಳಿಯನ್ನಾದರೂ ಒಡ್ಡಿದ್ದೆವೇ? ಕೇರಿಯ ಹುಡುಗನಿಗೆ ಊರಿನಲ್ಲಿ ಬಾಡಿಗೆ ಮನೆ ಸಿಗದಿರುವವರೆಗೆ ಆ ಹಾಡಿನ ಬಾಕಿ ತೀರಿಲ್ಲ. ಬಾಡಿಗೆ ಮನೆ ಕೇಳಿಕೊಂಡು ಹೋಗಿ ಹೆಸರು ಹೇಳಿದೊಡನೆ ಬಾಗಿಲು ಮುಚ್ಚಿಸಿಕೊಂಡ ಅನುಭವವಿರುವ ನಮ್ಮವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಷ್ಟಾಗಿಯೂ ಜಾತಿಯ ಲೆಕ್ಕಾಚಾರದಿಂದ ನಮ್ಮ ಮೊಹಲ್ಲಾಗಳು ಪೂರ್ತಿ ಬಿಡುಗಡೆ ಹೊಂದಿವೆಯೆಂದು ಹೇಳುವ ಧೈರ್ಯ ನಮಗಿಲ್ಲ.

ಬಾಕಿ ತೀರಿಸಲು ಸಾಧ್ಯವೇ ಇಲ್ಲವೆಂದೇನೂ ಅಲ್ಲ. ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ದಿಢೀರನೆ ಹೋದಾಗ ಕಂಠೀರವ ಕ್ರೀಡಾಂಗಣಕ್ಕೆ ಜನಸಾಗರವೇ ಹರಿಯಿತು. ಅಷ್ಟಕ್ಕೇ ನಿಂತಿದ್ದರೆ ಅದೂ ಒಂದು ಜಾತ್ರೆಯಾಗುತ್ತಿತ್ತು. ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಆ ಸುದ್ದಿ ಕೇಳಿ ನೇತ್ರದಾನಕ್ಕೆ ಹೆಸರು ಬರೆಸಿದವರ ಸಾಲು ಉದ್ದವಾಯಿತು. ಅಂಗದಾನದ ಬಗ್ಗೆ ನಮ್ಮ ಫಿಕ್ಹ್ ಪಂಡಿತರಲ್ಲಿ ಭಿನ್ನಾಭಿಪ್ರಾಯಗಳಿರುವುದು ನಿಜ, ಅದು ಬೇರೆ ಚರ್ಚೆ. ಇಲ್ಲಿ ನೋಡಬೇಕಾದದ್ದು ಇಷ್ಟು: ಯಾವ ವಿದ್ವತ್ತೂ ಇಲ್ಲದ ಅಭಿಮಾನಿ ಹುಡುಗ, ಅಗಲಿದವನು ಮಾಡಿದ್ದನ್ನು ತಾನೂ ಮಾಡುತ್ತೇನೆಂದು ಅರ್ಜಿ ತುಂಬಿದ. ವಿದ್ವಾಂಸರ ಸಭೆಗಳಲ್ಲಿ ಕಾಣದ್ದು ಅವನಲ್ಲಿ ಕಂಡಿತು.

ಕೊನೆಯದಾಗಿ, ಪಟ್ಟಿಯಲ್ಲಿ ಇಲ್ಲದವರ ಮಾತು. 2021ರ ಮೇ 2ರ ರಾತ್ರಿಯಿಂದ ಮರುದಿನದೊಳಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಮಂದಿ ಸತ್ತರು. ಅವರಲ್ಲಿ ಎಷ್ಟು ಹೆಸರು ನಮಗೆ ನೆನಪಿದೆ? 2020 ಮತ್ತು 2021ರಲ್ಲಿ ಕೋವಿಡ್‌ನಿಂದ ಸತ್ತವರು ಸುಮಾರು 4.8 ಲಕ್ಷ ಎಂದು ಸರ್ಕಾರದ ಲೆಕ್ಕ. ಆ ಎರಡು ವರ್ಷಗಳಲ್ಲಿ ಭಾರತದಲ್ಲಿ ಸಂಭವಿಸಿದ ಹೆಚ್ಚುವರಿ ಸಾವುಗಳು 47 ಲಕ್ಷದಷ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜಿಸಿತು. ಸರ್ಕಾರ ಅದನ್ನು ಒಪ್ಪಲಿಲ್ಲ. ಯಾವ ಅಂಕಿ ಸರಿಯೆಂಬ ವಾದ ಏನೇ ಇರಲಿ, ಲಕ್ಷಾಂತರ ಜನ ಸತ್ತರೋ ಇಲ್ಲವೋ ಎಂಬುದೇ ವಾದದ ವಿಷಯವಾಗುವಷ್ಟು ಹಗುರವಾಗಿ ನಾವು ಸಾವನ್ನು ಕಂಡೆವು ಎಂಬುದಂತೂ ದಿಟ.

ಮದೀನಾದ ಮಸೀದಿಯಲ್ಲಿ ಕಸ ಗುಡಿಸುತ್ತಿದ್ದ ಕಪ್ಪು ವರ್ಣದ ಮಹಿಳೆಯೊಬ್ಬರಿದ್ದರು. ಅವರು ಸತ್ತಾಗ ಅದೊಂದು ದೊಡ್ಡ ಸಂಗತಿಯಲ್ಲವೆಂದು ತಿಳಿದು ಸಂಗಾತಿಗಳು ಪ್ರವಾದಿ(ಸ)ಯವರಿಗೆ ಹೇಳದೆಯೇ ದಫನ ಮಾಡಿಬಿಟ್ಟರು. ಕಾಣದಿದ್ದಾಗ ಪ್ರವಾದಿ(ಸ)ಯವರು ವಿಚಾರಿಸಿದರು, ತನಗೇಕೆ ತಿಳಿಸಲಿಲ್ಲವೆಂದು ಕೇಳಿದರು, ಗೋರಿ ತೋರಿಸಿ ಎಂದು ಅಲ್ಲಿಗೇ ಹೋಗಿ ಜನಾಝ ನಮಾಝ್ ಮಾಡಿದರು. ಅಂದಿನ ಮದೀನಾದಲ್ಲಿ ಗಣ್ಯರ ಪಟ್ಟಿ ಮಾಡಿದ್ದರೆ ಅದರಲ್ಲಿ ಆಕೆಯ ಹೆಸರು ಇರುತ್ತಿರಲಿಲ್ಲ. ಗಣನೆಗೆ ಬಂದವರು ಗಣ್ಯರು. ಗಣಿಸುವವರು ಯಾರು ಎಂಬುದರ ಮೇಲೆ ಅದು ನಿಂತಿದೆ.

ದಾನಿಶ್ ಸಿದ್ದೀಕಿ ಈ ಎರಡು ಪಟ್ಟಿಗಳ ನಡುವೆ ನಿಂತವರು. ರೊಹಿಂಗ್ಯಾ ನಿರಾಶ್ರಿತರ ಚಿತ್ರಗಳಿಗಾಗಿ ರಾಯ್ಟರ್ಸ್ ತಂಡದ ಜೊತೆ 2018ರಲ್ಲಿ ಪುಲಿಟ್ಜರ್ ಪಡೆದಿದ್ದ ಈ ತರುಣ, 2021ರ ಏಪ್ರಿಲ್‌ನಲ್ಲಿ ದೆಹಲಿಯ ಸ್ಮಶಾನಗಳಲ್ಲಿ ಸಾಲುಸಾಲಾಗಿ ಉರಿಯುತ್ತಿದ್ದ ಚಿತೆಗಳ ಚಿತ್ರ ತೆಗೆದರು. ಹೆಸರಿಲ್ಲದ ಸಾವುಗಳಿಗೆ ಅವು ಸಾಕ್ಷಿಯಾದವು. ದೇಶದ ಮಾನ ಹೋಯಿತೆಂದು ಅವರನ್ನು ಬೈದವರೂ ಇದ್ದರು. ಮೂರು ತಿಂಗಳೊಳಗೆ ಅಫ್ಘಾನಿಸ್ತಾನದ ಸ್ಪಿನ್ ಬೋಲ್ದಕ್‌ನಲ್ಲಿ 38ನೆಯ ವಯಸ್ಸಿಗೆ ಕೊಲ್ಲಲ್ಪಟ್ಟು, ತಾನು ಓದಿದ ಜಾಮಿಯಾ ಮಿಲ್ಲಿಯಾದ ಖಬರಸ್ತಾನದಲ್ಲಿ ಮಣ್ಣಾದರು. ಮರುವರ್ಷ ಆ ಕೋವಿಡ್ ಚಿತ್ರಗಳಿಗೆ ಮರಣೋತ್ತರವಾಗಿ ಮತ್ತೊಂದು ಪುಲಿಟ್ಜರ್ ಬಂತು. ಅವರನ್ನು ನೆನೆಯುವುದೆಂದರೆ ಅವರ ಭಾವಚಿತ್ರವನ್ನು ನೋಡುವುದಲ್ಲ, ಅವರು ತೆಗೆದ ಚಿತ್ರಗಳೊಳಗಿನ ಜನರನ್ನು ನೋಡುವುದು.

ಮುಂದಿನ ಡಿಸೆಂಬರ್‌ನಲ್ಲೂ ಆ ಪುಟ ಬರುತ್ತದೆ. ಅದನ್ನು ಓದುವಾಗ ಪ್ರತಿ ಹೆಸರಿನ ಮುಂದೆ ಒಂದು ಸಾಲು ಬರೆದಿಡಬಹುದು: ಇವರದು ನಮ್ಮ ಮೇಲೆ ಬಾಕಿಯಿರುವುದೇನು? ಎಲ್ಲರ ಬಾಕಿಯನ್ನೂ ಎಲ್ಲರೂ ಹೊರಲಾರರು. ಅಬೂ ಖತಾದರು ಊರವರೆಲ್ಲರ ಸಾಲ ಹೊರಲಿಲ್ಲ, ಒಬ್ಬರ ಎರಡು ಮೂರು ದೀನಾರ್ ಮಾತ್ರ ಹೊತ್ತರು. ನಮ್ಮಲ್ಲಿ ಒಬ್ಬರು ಒಂದು ಹೆಸರನ್ನು ಆರಿಸಿಕೊಂಡರೂ ಸಾಕು. ಹಾಗೆಯೇ ಪುಟದ ಅಂಚಿನಲ್ಲಿ ಖಾಲಿ ಬಿಟ್ಟ ಜಾಗದಲ್ಲಿ, ನಮ್ಮ ಬೀದಿಯಿಂದ ಆ ವರ್ಷ ಹೊರಟುಹೋದ, ಯಾವ ಪತ್ರಿಕೆಯೂ ಬರೆಯದ ಒಂದು ಹೆಸರನ್ನು ನಾವೇ ಬರೆಯೋಣ.